ತೂತು ಮಾಡುವ ಸರ್ಟಿಫಿಕೇಟಿಗಾಗಿ ಕೆನಡಾಕ್ಕೆ

ದೊಡ್ಡನೆಕ್ಕುಂದಿ

ನಾನು ಪರದೇಶಕ್ಕೆ ಹೋದದ್ದು ಗೋಡೆ ನೋಡಲು. ಜಲಪಾತ ನೋಡಲಿಲ್ಲವೇ ಎಂದು ಈಗಲೂ ಕೇಳುವವರಿದ್ದಾರೆ. ಹ್ಯಾಮಿಲ್ಟನ್ ಊರಿನಿಂದ ನಯಾಗರಾ ಹೆಚ್ಚು ದೂರವೇನಲ್ಲ. ಆದರೆ ನೀರು ಮೇಲಿನಿಂದ ಕೆಳಗೆ ಬೀಳುವುದನ್ನು ನೋಡುವುದೇ ನನ್ನ ಉದ್ಯೋಗವಾದ್ದರಿಂದ, ಬಿಡುವಿನಲ್ಲೂ ಅದನ್ನೇ ನೋಡುವ ಮನಸ್ಸಾಗಲಿಲ್ಲ.

ಕಟ್ಟಡದ ಚಾವಣಿ, ಹೊರಗೋಡೆ, ಕಿಟಕಿ, ಗಾಜು ಎಲ್ಲ ಸೇರಿ ಮಳೆ ಗಾಳಿಯನ್ನು ಹೊರಗಿಡುವ ಹೊದಿಕೆಗೆ ನಮ್ಮ ವೃತ್ತಿಯಲ್ಲಿ ಬಿಲ್ಡಿಂಗ್ ಎನ್‌ಕ್ಲೋಷರ್ ಎನ್ನುತ್ತಾರೆ. ಆ ಹೊದಿಕೆಗೆ ಕಾಯಿಲೆ ಬಂದರೆ ಕಾರಣ ಹುಡುಕಿ ಹೇಳುವವಳು ನಾನು. ಇಂದಿರಾನಗರದ ಒಂದು ಸಣ್ಣ ಕಚೇರಿಯಲ್ಲಿ ಕೆಲಸ, ಸಿ.ವಿ. ರಾಮನ್ ನಗರದಲ್ಲಿ ಮನೆ. ಗದಗಿನಿಂದ ನಮ್ಮ ಜೊತೆ ಇರಲು ಬಂದಿದ್ದ ಅತ್ತೆಗೆ ಇದನ್ನು ವಿವರಿಸಲು ಬಹಳ ಪ್ರಯತ್ನಪಟ್ಟಿದ್ದೆ. ಅವರು ಕೊನೆಗೆ ಅರ್ಥ ಮಾಡಿಕೊಂಡದ್ದು ಹೀಗೆ: "ಕಂಪೌಂಡ ಗ್ವಾಡಿ ಕೆಲಸ ಅಲ್ಲೇನವಾ? ಅದಕ್ಕ ಪರದೇಶಕ್ಕ ಯಾಕ ಹೋಗಬೇಕು?"

ಹೋಗಬೇಕಾದದ್ದು ಚಂದ್ರಪ್ಪನವರಿಂದ. ಕೆ.ಆರ್. ಪುರಂ ತೂಗುಸೇತುವೆ ಇನ್ನೂ ಹೊಸದಾಗಿ ಕಾಣುತ್ತಿದ್ದ ಕಾಲ ಅದು. ಆ ಕಡೆ ಜಾಗವಿದ್ದವರೆಲ್ಲ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಚಂದ್ರಪ್ಪನವರೂ ದೊಡ್ಡನೆಕ್ಕುಂದಿಯಲ್ಲಿ ನೆಲದಿಂದ ನೆತ್ತಿಯವರೆಗೆ ಗಾಜು ಹಾಕಿಸಿ ಒಂದು ಕಟ್ಟಿಸಿದರು. ಒಂದು ವಿದೇಶಿ ಕಂಪನಿ ಬಾಡಿಗೆಗೆ ಬಂತು. ಮಳೆಯೂ ಬಂತು. ಮೂರನೆಯ ಮಹಡಿಯ ಮೀಟಿಂಗ್ ಕೋಣೆಯಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಪಾದ ಎತ್ತಿಕೊಂಡು ಕೂರಬೇಕಾಯಿತು.

ನೀರು ಬಂದಾಗಲೆಲ್ಲ ಚಂದ್ರಪ್ಪನವರು ಗಾಜಿನ ಚೌಕಟ್ಟಿಗೆ ಸಿಲಿಕಾನ್ ಮೆತ್ತಿಸುತ್ತಿದ್ದರು. ಮೆತ್ತಿದಷ್ಟೂ ಸೋರಿಕೆ ಜಾಸ್ತಿಯಾಗುತ್ತಿತ್ತು. ಹೋಗಿ ನೋಡಿದೆ. ಒಳನುಗ್ಗಿದ ಮಳೆನೀರು ಹೊರಗೆ ಹರಿದುಹೋಗಲೆಂದು ಚೌಕಟ್ಟಿನ ಬುಡದಲ್ಲಿ ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ಅವೆಲ್ಲವನ್ನೂ ಮುಚ್ಚಿಬಿಟ್ಟಿದ್ದರು. ಹೊರದಾರಿ ಇಲ್ಲದ ನೀರು ಒಳಗೆ ಬರುತ್ತಿತ್ತು. ತೂತುಗಳನ್ನು ಬಿಡಿಸಿ ಎಂದು ವರದಿ ಕೊಟ್ಟೆ.

"ಏನ್ ಮೇಡಂ, ಸೋರ್ತಿದೆ ಅಂತ ನಿಮ್ಮನ್ನ ಕರೆಸಿದ್ರೆ ತೂತು ಮಾಡಿ ಅಂತೀರಲ್ಲ!"

"ತೂತು ಮೊದಲೇ ಇತ್ತು ಸರ್. ಒಳಗೆ ಹೋದ ನೀರಿಗೆ ಹೊರಗೆ ಬರೋಕೆ ದಾರಿ ಬೇಕಲ್ವಾ?"

"ಅದು ಒಳಗೆ ಯಾಕೆ ಹೋಗ್ಬೇಕು ಅಂತ ನನ್ ಪ್ರಶ್ನೆ."

"ಎಷ್ಟೇ ಮುಚ್ಚಿದ್ರೂ ಸ್ವಲ್ಪ ಹೋಗೇ ಹೋಗತ್ತೆ ಸರ್."

ಚಂದ್ರಪ್ಪನವರು ಬಾಡಿಗೆ ಕಂಪನಿಯವರ ಜೊತೆ ಮಾತಾಡಿ ಬಂದು ತೀರ್ಪು ಕೊಟ್ಟರು. "ಮುಚ್ಚೋಕೆ ಯಾರಾದ್ರೂ ಆಗ್ತಾರಂತೆ ಮೇಡಂ. ತೂತು ಮಾಡೋಕೆ ಮಾತ್ರ ಸರ್ಟಿಫಿಕೇಟ್ ಇರೋರ ಸಹಿ ಬೇಕಂತೆ."

ಅಂಥ ಸರ್ಟಿಫಿಕೇಟ್ ಆಗ ಕೊಡುತ್ತಿದ್ದದ್ದು ದೂರದ ದೇಶಗಳ ವೃತ್ತಿಸಂಘಗಳು. ಮುಂದಿನ ಮಳೆಗಾಲದೊಳಗೆ ಸೋರುವುದು ನಿಲ್ಲದಿದ್ದರೆ ಕಂಪನಿ ಕಟ್ಟಡ ಖಾಲಿ ಮಾಡುತ್ತದೆ, ಆ ಸೀಮೆಯಲ್ಲಿ ಮತ್ತೆ ಯಾರೂ ನಮ್ಮನ್ನು ಕರೆಯುವುದಿಲ್ಲ. ಕಚೇರಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

ನನ್ನ ಜೊತೆ ಹೊರಟವರು ನಯಾಜ್ ಭಾಯ್. ಶಿವಾಜಿನಗರದಲ್ಲಿ ಅವರದು ಸಿಲಿಕಾನ್, ಟಾರ್ ಹಾಳೆ, ಬಿರುಕು ತುಂಬುವ ಲಪ್ಪ ಮಾರುವ ಅಂಗಡಿ. ಚಂದ್ರಪ್ಪನವರಿಗೆ ಅಷ್ಟೂ ಸಿಲಿಕಾನ್ ಮಾರಿದವರು ಅವರೇ. "ನಾನೂ ಎಕ್ಸಾಮ್ ಕಟ್ತೀನಿ ಮೇಡಂ. ಬೋರ್ಡ್ ಮೇಲೆ ಹೆಸರಿನ ಮುಂದೆ ನಾಲ್ಕು ಇಂಗ್ಲಿಷ್ ಅಕ್ಷರ ಬಿದ್ರೆ ಸಾಕು, ಇಡೀ ಶಿವಾಜಿನಗರ ನನ್ ಅಂಗಡೀಲೇ ಇರ್ತದೆ."

ಟೊರಾಂಟೊ

ವಿಮಾನದಿಂದ ಇಳಿದು ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್ ದಾಟುವಾಗ ನಯಾಜ್ ಭಾಯ್ ಅವರ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದರು. ನೀಲಿ ಅಂಗಿಯ ಮಹಿಳಾ ಅಧಿಕಾರಿ ಅದರಿಂದ ಕಬ್ಬಿಣದ ಒಂದು ಸಾಧನ ಹೊರತೆಗೆದರು. ಉದ್ದನೆಯ ಮೂತಿ, ಹಿಡಿ, ಕೆಳಗೆ ಬೆರಳಿಟ್ಟು ಒತ್ತುವ ಕೊಕ್ಕೆ.

"ಇದು ಏನು?"

ನಯಾಜ್ ಭಾಯ್ ಪ್ರಾಮಾಣಿಕರು. ಅಂಗಡಿಯಲ್ಲಿ ಅದನ್ನು ಏನೆಂದು ಕರೆಯುತ್ತಾರೋ ಅದನ್ನೇ ಹೇಳಿದರು. "ಗನ್, ಮೇಡಂ."

ಆಮೇಲೆ ಏನೇನೋ ಬಹಳ ವೇಗವಾಗಿ ನಡೆಯಿತು. ನಮ್ಮ ಹಿಂದಿದ್ದ ಸಾಲು ಹಿಂದಕ್ಕೆ ಸರಿಯಿತು. ಇಬ್ಬರು ದಪ್ಪನೆಯ ಅಧಿಕಾರಿಗಳು ಬಂದು ನಯಾಜ್ ಭಾಯ್ ಅವರ ಎರಡೂ ಪಕ್ಕದಲ್ಲಿ ನಿಂತರು. ನಾನು "ಸಿಲಿಕಾನ್ ಗನ್! ಸಿಲಿಕಾನ್ ಗನ್!" ಎಂದು ಕೂಗಿದ್ದು ಪರಿಸ್ಥಿತಿಯನ್ನು ತಿಳಿಯಾಗಿಸಲಿಲ್ಲ. ಅವರಿಗೆ ಕೇಳಿಸಿದ್ದು ಎರಡನೆಯ ಪದ ಮಾತ್ರ.

"ತೋರ್ಸೋಣ ಮೇಡಂ, ಡೆಮೋ ಕೊಟ್ರೆ ಎಲ್ಲಾ ಒಪ್ತಾರೆ" ಎಂದ ನಯಾಜ್ ಭಾಯ್, ಮುಟ್ಟಬಹುದೇ ಎಂದು ಸನ್ನೆಯಲ್ಲಿ ಕೇಳಿ, ಪೆಟ್ಟಿಗೆಯಿಂದ ಒಂದು ಟ್ಯೂಬ್ ತೆಗೆದು ಗನ್ನಿಗೆ ಕೂರಿಸಿದರು. ಕೌಂಟರಿನ ಗಾಜು ಅದರ ಮರದ ಚೌಕಟ್ಟಿನಿಂದ ಸ್ವಲ್ಪ ಬಿಟ್ಟುಕೊಂಡಿತ್ತು. ಆ ಸಂದಿಯುದ್ದಕ್ಕೂ ಒಂದೇ ಎಳೆತದಲ್ಲಿ ಬಿಳಿಯ ಗೆರೆ ಎಳೆದು, ಹೆಬ್ಬೆರಳಿನಿಂದ ನುಣ್ಣಗೆ ಸವರಿ, ಶಿವಾಜಿನಗರದ ಗಿರಾಕಿಗೆ ತೋರಿಸುವಂತೆ ಕೈ ಚಾಚಿ ನಿಂತರು. ಅಧಿಕಾರಿಗಳು ಬಗ್ಗಿ ನೋಡಿದರು. ಒಬ್ಬರು ಗಾಜನ್ನು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ.

"ಇದನ್ನು ಒಂದು ದಿನ ಮುಟ್ಟಬಾರದು" ಎಂದು ನಯಾಜ್ ಭಾಯ್ ಇಂಗ್ಲಿಷಿನಲ್ಲಿ ಸೂಚನೆ ಕೊಟ್ಟರು. ಮಹಿಳಾ ಅಧಿಕಾರಿ "ಸಾರಿ" ಎಂದು ಕೈ ಹಿಂದೆಗೆದುಕೊಂಡರು. ನಾವು ಹೊರಬಂದೆವು.

ಹ್ಯಾಮಿಲ್ಟನ್

ಆ ದೇಶದಲ್ಲಿ ಎಲ್ಲರೂ ಸಾರಿ ಕೇಳುತ್ತಾರೆ. ನಾವು ಅವರ ಕಾಲು ತುಳಿದರೆ ಅವರು ಸಾರಿ ಎನ್ನುತ್ತಾರೆ. ಬಸ್ಸಿನಿಂದ ಇಳಿಯುವವರು ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ, ಅವನು ಒಳ್ಳೆಯ ದಿನವಾಗಲಿ ಎನ್ನುತ್ತಾನೆ. ನಮ್ಮ ಕೆ.ಆರ್. ಪುರಂ ಬಸ್ಸಿನಲ್ಲಿ ಹೀಗೆ ಮಾಡಿದರೆ ಹಿಂದಿನವರು ನಮ್ಮನ್ನು ತಳ್ಳಿಯೇ ಇಳಿಸುತ್ತಾರೆ. ನಯಾಜ್ ಭಾಯ್ ಗೊಂದಲದಲ್ಲಿ ಬಿದ್ದು ಎರಡು ದಿನ ಕಂಬಗಳಿಗೂ ಸಾರಿ ಹೇಳಿದರು.

ಬೀದಿಗಳು ಖಾಲಿ. ಹಲಸೂರಿನ ಮಾರ್ಕೆಟ್ ರಸ್ತೆಯಲ್ಲಿ ಕಣ್ಣು ಹಾಯಿಸಿದಷ್ಟೂ ತಲೆಗಳು ಕಾಣುವಂತೆ ಇಲ್ಲಿ ಕಣ್ಣು ಹಾಯಿಸಿದಷ್ಟೂ ಮುಚ್ಚಿದ ಕಿಟಕಿಗಳು. ಚಳಿಗಾಲ ಶುರುವಾಗಿತ್ತು.

ನಾವು ಉಳಿದದ್ದು ಡೋರೀನ್ ಎಂಬ ವೃದ್ಧೆಯ ಮನೆಯಲ್ಲಿ. ಕೆಂಪು ಇಟ್ಟಿಗೆಯ ಎರಡಂತಸ್ತಿನ ಹಳೆಯ ಮನೆ, ನೀಲಿ ಬಾಗಿಲು. ಮೇಲಂತಸ್ತಿನಲ್ಲಿ ನಮಗೆ ಒಂದೊಂದು ಕೋಣೆ, ನಡುವೆ ಸ್ನಾನದ ಮನೆ. ಅವರು ಕೆಳಗೆ ಇರುತ್ತಿದ್ದರು. ಎತ್ತರದ ದನಿ ಇಲ್ಲದ, ಮುಖದಲ್ಲಿ ನಗುವೂ ಇಲ್ಲದ ಹೆಂಗಸು. ಬಂದ ದಿನವೇ ಕೇಳಿದರು, "ನೀವು ಏನು ಕಲಿಯಲು ಬಂದಿದ್ದೀರಿ?"

"ಮನೆಯೊಳಗೆ ನೀರು ಬರದಂತೆ ನೋಡಿಕೊಳ್ಳುವುದು" ಎಂದೆ.

"ಒಳ್ಳೆಯದು" ಎಂದರು. "ಇಂಥವರು ಮನೆಯಲ್ಲಿದ್ದರೆ ಧೈರ್ಯ."

ಅವರ ನಂಬಿಕೆ ಬಹಳ ದಿನ ಉಳಿಯಲಿಲ್ಲ.

ತರಗತಿ

ಪರೀಕ್ಷೆಗೆ ಮುಂಚೆ ಕೆಲವು ದಿನ ಪಾಠ. ಊರಾಚೆಯ ಒಂದು ದೊಡ್ಡ ಶೆಡ್ಡಿನಲ್ಲಿ ಗೋಡೆಗಳನ್ನು ನಿಲ್ಲಿಸಿದ್ದರು. ಮನೆ ಇಲ್ಲ, ಬರೀ ಗೋಡೆಗಳು. ಪ್ರತಿಯೊಂದಕ್ಕೂ ಒಂದು ಕಿಟಕಿ, ಆಚೆ ಕಡೆ ಯಾರೂ ಇಲ್ಲ. ನಾವು ಅವುಗಳ ಮೇಲೆ ನೀರು ಸಿಂಪಡಿಸಿ, ಹಿಂದಕ್ಕೆ ಓಡಿ, ಎಲ್ಲಿ ಬಂತೆಂದು ನೋಡಿ, ಮತ್ತೆ ಮುಂದಕ್ಕೆ ಓಡಿ ಬರೆದುಕೊಳ್ಳಬೇಕು. ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡ ನಡುವಯಸ್ಸಿನ ಜನ ಗೋಡೆಯ ಸುತ್ತ ಓಡುವುದನ್ನು ನಮ್ಮ ಅತ್ತೆ ನೋಡಿದ್ದರೆ ಗದಗಿಗೆ ವಾಪಸು ಹೋಗಿಬಿಡುತ್ತಿದ್ದರು.

ಪಾಠ ಹೇಳುತ್ತಿದ್ದವರು ವಾಲ್ಟರ್. ತೆಂಗಿನ ಮರದಷ್ಟು ಎತ್ತರ, ಬಿಳಿ ಮೀಸೆ. ಗೋಡೆ ಪರೀಕ್ಷಿಸುವಾಗ ಹಲ್ಲಿನ ಸಂದಿಯಿಂದ ಸಣ್ಣಗೆ ಶಿಳ್ಳೆ ಹಾಕುವ ಅಭ್ಯಾಸ. ಶಿಳ್ಳೆ ನಿಂತರೆ ಕಾರಣ ಸಿಕ್ಕಿತೆಂದು ಅರ್ಥ. ಅಲ್ಲಿ ಎಲ್ಲರಿಗೂ ಅವರ ಬಗ್ಗೆ ಗೌರವ, ನನಗೆ ಭಯ. ಮೌಖಿಕ ಪರೀಕ್ಷೆಯ ಮುಖ್ಯಸ್ಥರೂ ಅವರೇ.

ಅಲ್ಲಿನ ವಿದ್ಯೆ ನನಗೆ ಹೊಸದಾಗಿತ್ತು. ನಮ್ಮಲ್ಲಿ ನೀರೆಂದರೆ ಮಳೆ, ಇಲ್ಲವೇ ಓವರ್‌ಹೆಡ್ ಟ್ಯಾಂಕ್. ಅಲ್ಲಿ ಉಸಿರೂ ನೀರು. ಮನೆಯೊಳಗೆ ಅಡುಗೆ ಮಾಡಿದರೆ, ಸ್ನಾನ ಮಾಡಿದರೆ, ಸುಮ್ಮನೆ ಉಸಿರಾಡಿದರೂ ಹಬೆ ಏಳುತ್ತದೆ, ಅದು ತಣ್ಣನೆಯ ಜಾಗ ಹುಡುಕಿಕೊಂಡು ಹೋಗಿ ಹನಿಯಾಗುತ್ತದೆ, ಗೋಡೆ ಕೊಳೆಯುತ್ತದೆ. ಮನೆಯನ್ನು ಅದರ ನಿವಾಸಿಗಳಿಂದ ಕಾಪಾಡುವುದೇ ಅಲ್ಲಿನ ದೊಡ್ಡ ಚಿಂತೆ. ಕಮ್ಮನಹಳ್ಳಿಯ ಹೋಟೆಲುಗಳಲ್ಲಿ ಅಡುಗೆಮನೆಯ ಹಬೆ ಗಿರಾಕಿಯ ಕನ್ನಡಕದ ಮೇಲೆ ಕೂರುವವರೆಗೂ ಯಾರೂ ಯೋಚಿಸುವುದಿಲ್ಲ.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದೆವು. ಹೋಟೆಲಿಗೆ ಕಾಲಿಟ್ಟ ಕೂಡಲೇ ಅಷ್ಟೂ ಜನ ತಲೆ ಎತ್ತಿ ಚಾವಣಿ ನೋಡುತ್ತಿದ್ದರು. ಎಲ್ಲಾದರೂ ಕಲೆ ಕಂಡರೆ ಮುಗಿಯಿತು, ಅದರ ಅಡಿಯ ಮೇಜಿಗೇ ಪೈಪೋಟಿ. ಬಡಿಸುವ ಹುಡುಗಿ ಏನು ಬೇಕೆಂದು ಕೇಳಿದರೆ ಒಬ್ಬರು ಮೇಲೆ ಬೆರಳು ತೋರಿಸಿ "ಮೇಲ್ಗಡೆ ಏನಿದೆ?" ಎನ್ನುತ್ತಿದ್ದರು. ನನ್ನಂಥವರು ಜಗತ್ತಿನಲ್ಲಿ ಇನ್ನೂ ಇದ್ದಾರೆಂದು ಅಂದು ತಿಳಿಯಿತು. ಮನೆಯಿಂದ ಅಷ್ಟು ದೂರದಲ್ಲಿ ಅದೊಂದು ಸಮಾಧಾನ.

ಬಚ್ಚಲು

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನಾನು ಮತ್ತು ಡೋರೀನ್ ಕೆಳಗೆ ತಿಂಡಿ ತಿನ್ನುತ್ತಿದ್ದೆವು. ಒಂದು ಹನಿ ನನ್ನ ಚಹಾದೊಳಗೆ ಬಿತ್ತು. ಇನ್ನೊಂದು ಡೋರೀನ್ ಅವರ ಬ್ರೆಡ್ಡಿನ ಮೇಲೆ ಬಿತ್ತು. ಇಬ್ಬರೂ ತಲೆ ಎತ್ತಿದೆವು. ಮೇಜಿನ ಮೇಲೆ ತೂಗುತ್ತಿದ್ದ ದೀಪದ ಬುಡದಿಂದ ನೀರು ಸಣ್ಣ ದಾರದ ಹಾಗೆ ಇಳಿಯಲು ಶುರುವಾಯಿತು.

ಡೋರೀನ್ ಕೇಳಿದರು, "ಇದು ನಿಮ್ಮ ಪರೀಕ್ಷೆಯ ಭಾಗವೇ?"

ದೀಪದ ಸ್ವಿಚ್ ಆರಿಸಿ ಮೇಲಕ್ಕೆ ಓಡಿದೆ. ಬಾಗಿಲು ಬಡಿದಾಗ ನಯಾಜ್ ಭಾಯ್ ಒಳಗಿನಿಂದಲೇ ಕೇಳಿದರು, "ಮೇಡಂ, ಇಲ್ಲಿ ನೀರು ಹೋಗೋ ತೂತು ಎಲ್ಲಿದೆ?"

"ಯಾವ ನೀರು?"

"ನೆಲದ್ದು. ಆ ತೊಟ್ಟೀಲಿ ಶವರ್ ಕೆಳಗೆ ನಿಂತ್ಕೊಂಡು ಮಾಡಿದ್ರೆ ಸ್ನಾನ ಆದಂಗೇ ಅನ್ಸಲ್ಲ ಮೇಡಂ. ನಿನ್ನೆ ಒಂದು ಬಕೆಟ್ಟು, ಮಗ್ಗು ತಂದೆ. ಕೆಳಗೆ ಕೂತ್ಕೊಂಡು ಆರಾಮಾಗಿ ಹುಯ್ಕೊಂಡೆ. ನೀರು ನಿಂತ್ಕೊಂಡ್ತು. ಹೋಗ್ಲಿ ಅಂತ ಕಾದೆ. ಈಗ ಹೋಗ್ತಾ ಇದೆ."

"ಭಾಯ್, ಅದು ಊಟದ ಮೇಜಿನ ಮೇಲೆ ಹೋಗ್ತಾ ಇದೆ!"

ಒಳಗಿನಿಂದ ದುಃಖ ತುಂಬಿದ ದನಿ. "ಕ್ಯಾ ಮೇಡಂ ಇದು! ನೆಲಕ್ಕೆ ಮೋರಿ ಇಲ್ದೆ ಬಾತ್‌ರೂಮ್ ಕಟ್ತಾರಾ? ಇವ್ರು ನಮಗೆ ಪಾಠ ಹೇಳ್ತಾರಾ?"

ಮನೆಯಲ್ಲಿದ್ದ ಟವೆಲುಗಳೆಲ್ಲ ನೆಲಕ್ಕೆ ಬಂದವು. ನೀರು ಒಳಗೆ ಬರದಂತೆ ನೋಡಿಕೊಳ್ಳುವ ಇಬ್ಬರು ಭಾವೀ ಪರಿಣತರು ಮಂಡಿಯೂರಿ ಹಿಂಡಿದೆವು. ಅವಮಾನದಿಂದ ನನಗೆ ತಲೆ ಎತ್ತಲಾಗಲಿಲ್ಲ. ನಾವು ಇವತ್ತೇ ಬೇರೆ ಕಡೆ ಹೋಗುತ್ತೇವೆ ಎಂದೆ.

ಡೋರೀನ್ ಒದ್ದೆ ಟವೆಲನ್ನು ಮಡಿಸುತ್ತ, "ಹೋಗಬಹುದು. ಅದಕ್ಕೆ ಮುಂಚೆ ನಿನ್ನ ಕೋಣೆಯ ಚಾವಣಿಯಲ್ಲಿರುವ ಕಲೆಗೆ ಕಾರಣ ಹೇಳಿ ಹೋಗು. ಅಷ್ಟಾದರೂ ಉಪಕಾರವಾಗಲಿ" ಎಂದರು.

ಆ ಕಲೆಯನ್ನು ನಾನು ಮಲಗಿದಾಗಲೆಲ್ಲ ನೋಡುತ್ತಿದ್ದೆ. ಹಲಸಿನ ಹಣ್ಣಿನ ಆಕಾರ, ಅದೇ ಬಣ್ಣ. ಪ್ರತಿ ಚಳಿಗಾಲದಲ್ಲೂ ಬೆಳೆಯುತ್ತಿತ್ತಂತೆ. ಹಿಂದೊಮ್ಮೆ ಒಬ್ಬ ತಜ್ಞರು ಬಂದು ಚಾವಣಿ ಏರಿ, ಹೊಗೆಗೂಡಿನ ಬುಡಕ್ಕೆ ಟಾರು ಬಳಿಸಿ ಹೋಗಿದ್ದರಂತೆ. ಮುಂದಿನ ಚಳಿಗಾಲಕ್ಕೆ ಕಲೆ ಇನ್ನೂ ದೊಡ್ಡದಾಯಿತಂತೆ.

"ಅವರ ಹೆಸರು ನೆನಪಿಲ್ಲ. ಬಹಳ ಎತ್ತರದ ಮನುಷ್ಯ. ಕೆಲಸ ಮುಗಿಯುವವರೆಗೂ ಶಿಳ್ಳೆ ಹಾಕುತ್ತಿದ್ದ."

ನಯಾಜ್ ಭಾಯ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಪಿಸುಗುಟ್ಟಿದರು. "ಮೇಡಂ, ನಮ್ ಮೇಷ್ಟ್ರು!"

ಅಟ್ಟ

ಮೇಲಂತಸ್ತಿನ ಪಡಸಾಲೆಯ ಚಾವಣಿಯಲ್ಲಿ ಅಟ್ಟಕ್ಕೆ ಹೋಗುವ ಚೌಕದ ಬಾಗಿಲಿತ್ತು. ಚೂಡಿದಾರದ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಏಣಿ ಹತ್ತಿದೆ. ಮೇಲೆ ಮನೆಯ ತುಂಬ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ಹರಡಿದಂತೆ ಗಾಜಿನ ನಾರಿನ ಹೊದಿಕೆ. ಅದರಡಿಯ ಚಾವಣಿ ಹಪ್ಪಳದಷ್ಟೇ ಗಟ್ಟಿ. ಮರದ ತೊಲೆಗಳ ಮೇಲೆ ಮಾತ್ರ ಕಾಲಿಡಬೇಕು.

ಕಲೆಯ ಮೇಲಿನ ಹೊದಿಕೆ ಒದ್ದೆಯಾಗಿತ್ತು. ಆದರೆ ಮೇಲಿನ ಹಲಗೆಯಲ್ಲಿ ಮಳೆ ಇಳಿದ ಜಾಡಿರಲಿಲ್ಲ. ಅದರ ಬದಲು ಹಲಗೆಯ ಮೇಲೆ ಸಣ್ಣ ಹನಿಗಳು ಬೆವರಿನಂತೆ ಕೂತಿದ್ದವು. ಪಕ್ಕದಲ್ಲಿ ಒಂದು ಕೊಳವೆ ಸುಮ್ಮನೆ ಮಲಗಿತ್ತು. ಸ್ನಾನದ ಮನೆಯ ಫ್ಯಾನು ಹಬೆಯನ್ನು ಈ ಕೊಳವೆಯ ಮೂಲಕ ಚಾವಣಿಯಾಚೆ ಕಳಿಸಬೇಕು. ಕೊಳವೆ ಎಂದೋ ಕಳಚಿ ಬಿದ್ದಿತ್ತು. ಕಲೆಗೆ ಕಾರಣ ಇದೇ ಎಂದು ನನಗೆ ಅನ್ನಿಸಿತು. ಅನ್ನಿಸಿದರೆ ಸಾಲದಲ್ಲ, ಪರೀಕ್ಷಿಸಬೇಕು.

"ಭಾಯ್, ಇನ್ನೊಂದ್ಸಲ ಸ್ನಾನ ಮಾಡ್ತೀರಾ?" ಎಂದು ಕೆಳಕ್ಕೆ ಕೂಗಿದೆ. "ಬಿಸಿನೀರು. ತೊಟ್ಟಿ ಒಳಗೇ ನಿಂತ್ಕೊಳ್ಳಿ. ಫ್ಯಾನ್ ಹಾಕ್ಕೊಳ್ಳಿ."

"ಈ ಚಳೀಲಿ ಎರಡನೇ ಸ್ನಾನ! ನಿಮ್ ಸಲುವಾಗಿ ಮೇಡಂ."

ನಾನು ಕತ್ತಲೆಯಲ್ಲಿ ತೊಲೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಾದೆ. ಕೆಳಗೆ ನೀರಿನ ಸದ್ದು, ಫ್ಯಾನಿನ ಗುರುಗುಟ್ಟು. ಸ್ವಲ್ಪ ಹೊತ್ತಿನಲ್ಲಿ ಕೊಳವೆಯ ಬಾಯಿಂದ ಬಿಳಿ ಹಬೆ ಎದ್ದು ಅಟ್ಟದ ತುಂಬ ಹರಡಿತು. ಅದರ ಜೊತೆಗೆ ಘಮ್ಮೆಂದು ಗಂಧದ ಸೋಪಿನ ವಾಸನೆ. ಊರಿಂದ ಅಷ್ಟು ದೂರದ, ಹೆಪ್ಪುಗಟ್ಟುವ ಆ ಅಟ್ಟದಲ್ಲಿ ಬಸವನಹುಳುವಿನ ಹಾಗೆ ಮುದುಡಿ ಕೂತಿದ್ದ ನನಗೆ, ಮದುವೆ ಮನೆಯೊಳಗೆ ಕಾಲಿಟ್ಟ ಹಾಗಾಯಿತು. ಗಟ್ಟಿಯಾಗಿ ನಕ್ಕುಬಿಟ್ಟೆ.

ಡೋರೀನ್ ಅವರಿಗೆ ವಿವರಿಸಿದೆ. ಕೊಳವೆ ಕೂರಿಸುವವನಿಗೆ ಅವರು ಫೋನ್ ಮಾಡಿದರು. ಅವನಿಗೆ ಮುಂದಿನ ವಾರ ಬಿಡುವಂತೆ. ನಾವು ಮನೆ ಬಿಡಬೇಕಾಗಿಲ್ಲ ಎಂದರು, ಬಕೆಟನ್ನು ಮಾತ್ರ ತಮ್ಮ ಕೋಣೆಯಲ್ಲಿ ಇರಿಸಿಕೊಂಡರು.

ಆ ಸಂಜೆ ನಯಾಜ್ ಭಾಯ್ ನನ್ನನ್ನು ಎಚ್ಚರಿಸಿದರು. "ಮೇಡಂ, ನಾಳೆ ಏನು ಬೇಕಾದ್ರೂ ಹೇಳಿ, ಈ ಮನೆ ವಿಷ್ಯ ಮಾತ್ರ ನಕ್ಕೋ, ಬೇಡವೇ ಬೇಡ. ಮೇಷ್ಟ್ರ ತಪ್ಪು ಮೇಷ್ಟ್ರ ಮುಂದೇನೇ ಹೇಳಿ ಪಾಸಾದೋರು ಯಾರೂ ಇಲ್ಲ."

ಮೌಖಿಕ ಪರೀಕ್ಷೆ

ಮೂವರು ಪರೀಕ್ಷಕರು ಉದ್ದನೆಯ ಮೇಜಿನ ಆಚೆ ಕೂತಿದ್ದರು, ನಡುವೆ ವಾಲ್ಟರ್. ನೀವೇ ತನಿಖೆ ಮಾಡಿದ ಒಂದು ಸೋರಿಕೆಯ ಬಗ್ಗೆ ಹೇಳಿ ಎಂದರು. ದೊಡ್ಡನೆಕ್ಕುಂದಿಯ ಕಥೆ ಶುರು ಮಾಡಿದೆ. ತೂತು ಮುಚ್ಚಿದ್ದರಿಂದ ಸೋರಿತು ಎಂದಾಗ ಮೂವರೂ ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ.

ಆಗ ವಾಲ್ಟರ್ ಕೇಳಿದರು, "ಚೆನ್ನಾಗಿದೆ. ಆದರೆ ನಿಮ್ಮ ಊರು ಬೆಚ್ಚಗಿದೆ. ಈ ಪ್ರಮಾಣಪತ್ರ ಎಲ್ಲ ಹವಾಮಾನಕ್ಕೂ ಸಲ್ಲಬೇಕು. ಚಳಿಯಿಂದಾದ ಒಂದು ತೊಂದರೆ ಹೇಳಿ."

"ಪುಸ್ತಕದಿಂದ ಹೇಳಲೇ?"

"ಕಣ್ಣಾರೆ ಕಂಡದ್ದು."

ಕಣ್ಣಾರೆ ಕಂಡದ್ದು ಒಂದೇ. ಏನೂ ಕಂಡಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಕಂಡದ್ದು ಹೇಳಿದರೂ ಮುಗಿಯಬಹುದು. ಹೇಳಿಯೇ ಹೋಗೋಣ ಅಂದುಕೊಂಡೆ.

"ಒಂದು ಹಳೆಯ ಇಟ್ಟಿಗೆ ಮನೆ ಸರ್. ಮೇಲಂತಸ್ತಿನ ಚಾವಣಿಯಲ್ಲಿ ಕಲೆ. ಹಿಂದೆ ಬಂದ ತಜ್ಞರು ಹೊಗೆಗೂಡಿನ ಬುಡಕ್ಕೆ ಟಾರು ಬಳಿಸಿದ್ದರು."

ವಾಲ್ಟರ್ ಶಿಳ್ಳೆ ಹಾಕಲು ಶುರು ಮಾಡಿದರು. ನಾನು ಮುಂದುವರಿಸಿದೆ. ಅಟ್ಟ, ಒದ್ದೆ ಹೊದಿಕೆ, ಹಲಗೆಯ ಬೆವರು, ಕಳಚಿದ ಕೊಳವೆ.

"ಹಬೆ ಫ್ಯಾನಿನಿಂದಲೇ ಬರುತ್ತಿದೆ ಎಂದು ಹೇಗೆ ಖಚಿತ ಮಾಡಿಕೊಂಡಿರಿ?"

"ವಾಸನೆಯಿಂದ ಸರ್. ಕೆಳಗೆ ನನ್ನ ಸಹಪಾಠಿ ಗಂಧದ ಸೋಪು ಹಚ್ಚಿಕೊಳ್ಳುತ್ತಿದ್ದರು."

ಪಕ್ಕದ ಪರೀಕ್ಷಕರಿಗೆ ಕೆಮ್ಮು ಬಂತು. ವಾಲ್ಟರ್ ಅವರ ಶಿಳ್ಳೆ ನಿಂತಿತು. "ಆ ಮನೆಯ ಬಾಗಿಲು ನೀಲಿಯೇ?"

"ಹೌದು ಸರ್."

"ಹಿಂದೆ ಬಂದಿದ್ದ ತಜ್ಞ ಎಲ್ಲಿ ತಪ್ಪಿದ?"

"ಅವರು ಹೊರಗಿನಿಂದ ಬರುವ ನೀರನ್ನು ಹುಡುಕಿದರು ಸರ್. ಒಳಗಿನಿಂದ ಮೇಲೆ ಹೋಗುವ ನೀರನ್ನು ನೋಡಲಿಲ್ಲ. ಅಟ್ಟ ಹತ್ತಿದ್ದರೆ ಅವರಿಗೂ ಕಾಣುತ್ತಿತ್ತು."

"ಸಾರಿ" ಎಂದೆ. ಆ ದೇಶದಲ್ಲಿ ನಾನಾಗಿ ಹೇಳಿದ ಮೊದಲ ಸಾರಿ ಅದು. ನೀವು ಹೋಗಬಹುದು ಎಂದರು.

ಅಂಗಳದಲ್ಲಿ ಕಾಯುತ್ತಿದ್ದ ನಯಾಜ್ ಭಾಯ್ ನನ್ನ ಮುಖ ನೋಡಿಯೇ "ಹೇಳ್ಬಿಟ್ರಾ?" ಎಂದು ತಲೆ ಮೇಲೆ ಕೈ ಹೊತ್ತು ಕೂತರು. ಅವರು ಲಿಖಿತ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗೂ ಸಿಲಿಕಾನ್ ಎಂದೇ ಬರೆದು ಬಂದಿದ್ದರು.

ನೀಲಿ ಬಾಗಿಲು

ನಾವು ಮನೆ ಸೇರಿ ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ವಾಲ್ಟರ್ ನಿಂತಿದ್ದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಟೋಪಿ.

"ಸಾರಿ" ಎಂದು ಡೋರೀನ್ ಅವರಿಗೆ ಹೇಳಿದರು. "ನಾನು ನಿಮ್ಮ ಚಾವಣಿಗೆ ಟಾರು ಬಳಿಸಿದವನು. ಒಮ್ಮೆ ಅಟ್ಟ ನೋಡಬಹುದೇ?"

"ಆಗಲೇ ನೋಡಬೇಕಿತ್ತು" ಎಂದರು ಡೋರೀನ್.

ವಾಲ್ಟರ್ ನನ್ನ ಕಡೆ ತಿರುಗಿ, "ಆ ಸೋಪಿನ ಮಹಾಶಯರು ಯಾರು?" ಎಂದು ಕೇಳಿದರು.

ನಯಾಜ್ ಭಾಯ್ ಮುಂದೆ ಬಂದರು. ತಮ್ಮಿಂದ ಏನು ಅಪೇಕ್ಷೆ ಎಂಬುದು ಅವರಿಗೆ ಅರ್ಥವಾಗಿತ್ತು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, "ಮೇಡಂ, ಇದು ಸ್ನಾನ ಅಲ್ಲ, ಡ್ಯೂಟಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವಾಲ್ಟರ್ ಏಣಿ ಹತ್ತಿ ಅಟ್ಟದಲ್ಲಿ ಮರೆಯಾದರು. ನಾನೂ ಡೋರೀನ್ ಅವರೂ ನನ್ನ ಕೋಣೆಯಲ್ಲಿ ನಿಂತು ಕಲೆಯನ್ನು ನೋಡುತ್ತಿದ್ದೆವು. ಮೇಲೆ ಶಿಳ್ಳೆ. ಪಕ್ಕದಲ್ಲಿ ನೀರಿನ ಸದ್ದು.

ಶಿಳ್ಳೆ ನಿಂತಿತು. "ಬಂತು!" ಎಂಬ ಕೂಗು ಕೇಳಿಸಿತು. "ಗಂಧ! ನಿಜವಾಗಿಯೂ ಗಂಧ!" ಸಂತೋಷದಲ್ಲಿ ಅವರು ಒಂದು ಹೆಜ್ಜೆ ಹಿಂದಿಟ್ಟಿರಬೇಕು. ಮರುಕ್ಷಣ ಭಡ್ ಎಂದು ಸದ್ದಾಗಿ, ಕಲೆಯ ನಟ್ಟನಡುವಿನಿಂದ ಕಂದು ಬೂಟು ಹಾಕಿದ ಉದ್ದನೆಯ ಕಾಲೊಂದು ನನ್ನ ಹಾಸಿಗೆಯ ಮೇಲೆ ಇಳಿಯಿತು. ಮಂಡಿಯವರೆಗೂ ಬಂದು ತೂಗಾಡಿತು. ಅದರ ಸುತ್ತ ಗುಲಾಬಿ ನಾರು ಮೆಲ್ಲಗೆ ಉದುರಿತು.

ನನ್ನ ಪರೀಕ್ಷಕರ ಕಾಲು ನನ್ನ ಚಾವಣಿಯಲ್ಲಿ.

ಡೋರೀನ್ ಆ ಬೂಟನ್ನು ಬಹಳ ಹೊತ್ತು ನೋಡಿದರು. "ಅಂತೂ ಕಲೆ ಹೋಯಿತು" ಎಂದರು. ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ನನ್ನ ಹಾಸಿಗೆಯ ಮೇಲೆ ಕೂತು, ಆ ಕಾಲನ್ನೇ ಆಸರೆಗೆ ಹಿಡಿದುಕೊಂಡರು. ಮೇಲಿನಿಂದ "ಸಾರಿ, ಸಾರಿ" ಎಂದು ಕೇಳಿಸುತ್ತಲೇ ಇತ್ತು. ಸೋಪಿನ ನೊರೆಯಲ್ಲೇ ಓಡಿಬಂದ ನಯಾಜ್ ಭಾಯ್, ಟವೆಲ್ ಬಿಗಿಹಿಡಿದು ಚಾವಣಿಯ ತೂತನ್ನು ಪರಿಶೀಲಿಸಿ ವೃತ್ತಿಪರವಾಗಿ ಹೇಳಿದರು, "ಇದಕ್ಕೆ ಸಿಲಿಕಾನ್ ಸಾಲಲ್ಲ ಮೇಡಂ."

ಮತ್ತೆ ದೊಡ್ಡನೆಕ್ಕುಂದಿ

ಫಲಿತಾಂಶ ನಾವು ಊರಿಗೆ ಬಂದ ಮೇಲೆ ಇ-ಮೇಲಿನಲ್ಲಿ ಬಂತು. ನಾನು ಪಾಸಾಗಿದ್ದೆ. ನಯಾಜ್ ಭಾಯ್ ಆಗಿರಲಿಲ್ಲ. ಅವರಿಗೆ ಬೇಸರವಾಗಿದೆಯೇನೋ ಎಂದು ಅಂಗಡಿಗೆ ಹೋದರೆ, ಹಲ್ಲು ಕಿರಿದು "ಕೆನಡಾ ರಿಟರ್ನ್" ಎಂಬ ಹೊಸ ಬೋರ್ಡ್ ತೋರಿಸಿದರು. "ಇದಕ್ಕೆ ಎಕ್ಸಾಮ್ ಇಲ್ಲ ಮೇಡಂ." ಅತ್ತೆ ಮಾತ್ರ ನನ್ನ ಹೆಸರಿನ ಮುಂದಿನ ಅಕ್ಷರಗಳನ್ನು ಕೇಳಿ, "ಹಂಗಾರ ಇನ್ನ ನಮ್ಮ ಕಂಪೌಂಡ ಗ್ವಾಡಿನೂ ಒಂದೀಟು ನೋಡವಾ" ಎಂದರು.

ಹಳೆಯ ವರದಿಗೇ ಹೊಸ ಸಹಿ ಹಾಕಿದೆ. ಕಂಪನಿ ಒಪ್ಪಿತು. ಆದರೆ ಎಲ್ಲರ ಕಣ್ಣೆದುರು ಪರೀಕ್ಷೆ ಮಾಡಿ ತೋರಿಸಿದ ಮೇಲೆಯೇ ತೂತು ಬಿಡಿಸಬೇಕೆಂದು ಚಂದ್ರಪ್ಪನವರು ಹಟ ಹಿಡಿದರು. ಒಂದು ಬಿಸಿಲಿನ ಬೆಳಿಗ್ಗೆ ಕಟ್ಟಡದ ಹೊರಗೆ ಸಾರ್ವೆ ಕಟ್ಟಿಸಿ, ಪೈಪಿನಿಂದ ಗಾಜಿನ ಮೇಲೆ ನೀರು ಬಿಡಿಸಲು ವ್ಯವಸ್ಥೆ ಮಾಡಿಸಿದೆ. ಮೂರನೆಯ ಮಹಡಿಯ ಮೀಟಿಂಗ್ ಕೋಣೆಯಲ್ಲಿ ಕಂಪನಿಯವರು, ಅಕೌಂಟ್ಸಿನವರು, ಸೆಕ್ಯುರಿಟಿಯವರು, ಕಾಫಿ ತರುವವರು ಎಲ್ಲ ಜಮಾಯಿಸಿದರು. ಗೋಡೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ನೀರು ಇಲ್ಲಿ ಬರಬೇಕು ಎಂದೆ.

ನೀರು ಬಿಟ್ಟರು. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಅಷ್ಟು ದೂರ ಹೋಗಿ ಬಂದು, ಸೋರಲಿ ದೇವರೇ ಎಂದು ಬೇಡಿಕೊಳ್ಳುವ ಗತಿ ಬಂತಲ್ಲ ಎಂದು ಬೆವೆತೆ. ಚಂದ್ರಪ್ಪನವರು "ಮೇಡಂ, ಸೋರ್ತಾ ಇಲ್ವಲ್ಲ" ಎಂದು ನಿರಾಶೆಯಿಂದ ಹೇಳಿದರು. ಅಷ್ಟರಲ್ಲಿ ವೃತ್ತದೊಳಗೆ ಒಂದು ಹನಿ ಮೂಡಿತು. ದಪ್ಪಗಾಯಿತು. ಜಾರಿತು.

"ಬಂತು! ಬಂತು!" ಎಂದು ಇಡೀ ಕೋಣೆ ಕೂಗಿತು. ಚಪ್ಪಾಳೆ. ಅಕೌಂಟ್ಸಿನ ಹುಡುಗ ಶಿಳ್ಳೆ ಹೊಡೆದ. ಕಂಪನಿಯ ಮ್ಯಾನೇಜರು ನನ್ನ ಕೈ ಕುಲುಕಿದರು. ಚಂದ್ರಪ್ಪನವರು ತಮ್ಮ ಸ್ವಂತ ಕಟ್ಟಡ ಸೋರುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಆಮೇಲೆ ತೂತುಗಳ ಸಿಲಿಕಾನನ್ನು ಕೆರೆಸಿ, ಒಳಗಿದ್ದ ನೀರು ಹೊರಗೆ ಚಿಮ್ಮಿದ್ದನ್ನು ತೋರಿಸಿದೆ. ಮತ್ತೆ ನೀರು ಬಿಡಿಸಿದೆ. ಎಷ್ಟು ಹೊತ್ತು ಬಿಟ್ಟರೂ ವೃತ್ತ ಒಣಗಿಯೇ ಇತ್ತು. ನನ್ನ ಮಾತು ಉಳಿಯಿತು, ಕಂಪನಿಯೂ ಉಳಿಯಿತು. ಜನ ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ನಾನು ಸಾಮಾನು ಕಟ್ಟುತ್ತಿದ್ದಾಗ ಚಂದ್ರಪ್ಪನವರು ಮಾತಾಡುತ್ತಿದ್ದ ಫೋನಿಗೆ ಕೈ ಅಡ್ಡ ಹಿಡಿದು, ಸ್ವಲ್ಪ ಸಂಕೋಚದಿಂದ ಹತ್ತಿರ ಬಂದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನಮ್ ಮನೆಯವರು ಕೆ.ಆರ್. ಪುರಂ ಹತ್ರ ಬಂದ್ಬಿಟ್ಟಿದಾರೆ. ಆ ತೂತು ಒಂದೈದು ನಿಮಿಷ ಮುಚ್ಚಿ, ಅವರಿಗೋಸ್ಕರ ಇನ್ನೊಂದೇ ಒಂದ್ಸಲ ಸೋರಿಸ್ತೀರಾ?"